ಬಿಡುಗಡೆ ಅನ್ನಬೇಡಿ

ಅಂಗವಿಕಲ ಮಗು ಸತ್ತ ಮನೆಗೆ ಬಂದು, "ಬಿಡವ್ವ, ಅದ್ಕೂ ಬಿಡುಗಡೆ ಆಯ್ತು, ನಿಂಗೂ ಬಿಡುಗಡೆ ಆಯ್ತು" ಅನ್ನುತ್ತೀರಲ್ಲ, ಆ ಹಕ್ಕು ನಿಮಗೆ ಕೊಟ್ಟವರು ಯಾರು? ವರ್ಷಗಟ್ಟಲೆ ಎತ್ತಿದ, ಉಣಿಸಿದ, ತೊಳೆದ ಕೈಗಳು ಇವತ್ತು ಬರಿದಾಗಿವೆ. ಆ ತಾಯಿಗೆ ಉಳಿದಿದ್ದು ಅಳು ಒಂದೇ. ಅದನ್ನೂ ಕಸಿದುಕೊಂಡು ಎದ್ದು ಹೋಗುತ್ತೀರಿ.

ಕಪಿಲೆಯ ದಡದ ಸುತ್ತೂರು ಜಾತ್ರೆಯ ಸಾಮೂಹಿಕ ಮದುವೆಯಲ್ಲಿ ಅಂಗವಿಕಲ ಜೋಡಿಗಳೂ ಹಸೆಮಣೆ ಏರುತ್ತಾರೆ. ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ, ದಾಸೋಹದಲ್ಲಿ ಉಣ್ಣುತ್ತಾರೆ. ಅಕ್ಷತೆ ಹಾಕಿದ ಕೈಗಳೇ, ಆ ಜೋಡಿಯಲ್ಲಿ ಒಬ್ಬರು ಸತ್ತ ದಿನ ಎಲ್ಲಿರುತ್ತೀರಿ? ಹೆಣ ಹೊಳೆದಂಡೆಗೆ ಹೋಗುತ್ತದೆ. ನಡೆಯಲಾರದ ಮಗ ಜಗಲಿಯಲ್ಲೇ ಉಳಿಯುತ್ತಾನೆ. ಕಿವಿ ಕೇಳದ ಮಗಳಿಗೆ ಅಪ್ಪನಿಗೆ ಏನಾಯಿತೆಂದು ಕೈಸನ್ನೆಯಲ್ಲಿ ಹೇಳುವವರಿಲ್ಲ. ಹೆಣದ ಮುಂದೆ ತಮಟೆ ಬಡಿಯಲು ದಲಿತ ಕೇರಿಯವರು ಬೇಕು, ಅದೇ ಜಗಲಿಯಲ್ಲಿ ಕೂತು ಅಳಲು ಬೇಡ. ದುಃಖಕ್ಕೂ ಮೆಟ್ಟಿಲು ಕಟ್ಟಿದವರು ನಾವು.

ಕಾಸರಗೋಡಿನ ಎಣ್ಮಕಜೆಯ ತಾಯಂದಿರನ್ನು ನೆನೆಯಿರಿ. ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 2017ರಲ್ಲಿ ಸುಪ್ರೀಂ ಕೋರ್ಟ್ ಆ ವಿಷದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂದಿತು. ವಿಷ ಕೊಂದ ಮಗುವಿನ ಸಾವನ್ನೂ ಬಿಡುಗಡೆ ಅನ್ನುತ್ತೀರಾ? ಹಾಗಂದರೆ ಕೊಂದವರಿಗೇ ಬಿಡುಗಡೆ.

ಹಾಗಾದರೆ ಸಾವಿನ ಮನೆಗೆ ಹೇಗೆ ಹೋಗಬೇಕು? ಯೆಹೂದಿಗಳಲ್ಲಿ 'ಶಿವಾ' ಎಂಬ ಆಚರಣೆಯಿದೆ. ಹೀಬ್ರೂವಿನಲ್ಲಿ ಆ ಮಾತಿಗೆ ಏಳು ಎಂದರ್ಥ. ಏಳು ದಿನ ಸಾವಿನ ಮನೆಯವರು ತಗ್ಗಿನ ಪೀಠದಲ್ಲಿ ಕೂರುತ್ತಾರೆ, ಊರೇ ಅವರ ಬಳಿಗೆ ಬರುತ್ತದೆ. ಮಣ್ಣು ಮಾಡಿ ಬಂದ ಮೇಲಿನ ಮೊದಲ ಊಟ ನೆರೆಯವರದು. ದುಃಖದವರು ಬಾಯಿ ತೆರೆಯುವ ತನಕ ಬಂದವರು ಮಾತಾಡಬಾರದು. ದುಃಖದವರು ಹೇಳುವ 'ಕದ್ದಿಶ್' ಪ್ರಾರ್ಥನೆಗೆ ಹತ್ತು ಜನ ಸೇರಲೇಬೇಕು, ಒಬ್ಬರೇ ಹೇಳುವಂತಿಲ್ಲ. ಆ ಹತ್ತೂ ಗಂಡಸರೇ ಆಗಬೇಕೆಂಬ ಕಟ್ಟಳೆಯನ್ನು ಅವರದೇ ಹಲವು ಪಂಗಡಗಳು ಮುರಿದು ಹೆಂಗಸರನ್ನೂ ಎಣಿಸಿದವು. ಅಮೆರಿಕದ ಕಪ್ಪು, ಕಂದು ಮೈಬಣ್ಣದ ಅಂಗವಿಕಲರು ಕಟ್ಟಿದ 'ಅಂಗವಿಕಲ ನ್ಯಾಯ' ಚಳವಳಿ ಹೇಳುವುದೂ ಇದನ್ನೇ: ಯಾರನ್ನೂ ಹಿಂದೆ ಬಿಟ್ಟು ನಡೆಯಬೇಡಿ.

ಹೀಗೆ ಸಾವಿನ ಮನೆಯವರ ಜೊತೆ ನಿಲ್ಲುವುದು ನಮಗೆ ಹೊಸದಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಅನ್ನ, ಸಾರು ಹೊತ್ತು ತರುವ ರೂಢಿ ನಮ್ಮ ಹಳ್ಳಿಗಳಲ್ಲೂ ಉಂಟು. ಆ ಸಾರಿನ ಪಾತ್ರೆ ಕೇರಿಗೂ ಹೋಗಲಿ, ಕೇರಿಯಿಂದಲೂ ಬರಲಿ. ನಡೆಯಲಾರದವನನ್ನು ಹೆಗಲ ಮೇಲೆ ಹೊಳೆದಂಡೆಗೆ ಕರೆದೊಯ್ಯಿರಿ. ಅವನು ಒಲ್ಲೆನೆಂದರೆ ಜಗಲಿಯಲ್ಲಿ ಅವನ ಪಕ್ಕ ಕೂರಿ. ಮಗುವನ್ನು ಕಳೆದುಕೊಂಡ ಆ ತಾಯಿಯ ಮನೆಗೂ ಬನ್ನಿ. ನೆಲದ ಮೇಲೆ ಕೂರಿ. ಅವಳೇ ಮಗುವಿನ ಹೆಸರು ಹೇಳುವವರೆಗೂ ಬಾಯಿ ಮುಚ್ಚಿಕೊಂಡಿರಿ.