ಕಾಮಿಕ್ಸ್ ಓದಿಲ್ಲವೆಂದರೆ ಬಾಯಿ ಮುಚ್ಚಬೇಕೇ?

‘ನೀನು ಕಾಮಿಕ್ಸ್ ಓದಿದ್ದೀಯಾ?’

ನಮ್ಮ ಹಾಸ್ಟೆಲ್‌ನಲ್ಲಿ ಸೂಪರ್‌ಹೀರೊ ಸಿನಿಮಾಗಳ ಬಗ್ಗೆ ಹುಟ್ಟುವ ಎಲ್ಲ ಜಗಳಗಳೂ ಕೊನೆಗೆ ಈ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತವೆ. ಕೇಳುವವನು ನನ್ನ ರೂಮ್‌ಮೇಟ್, ಬೆಂಗಳೂರಿನ ಹುಡುಗ. ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದಂಗಡಿಗಳಲ್ಲಿ ಹುಡುಕಿ ತಂದ ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್ ಪುಸ್ತಕಗಳಿಗೆ ಪ್ಲಾಸ್ಟಿಕ್ ಕವರ್ ಹಾಕಿ ಟ್ರಂಕಿನಲ್ಲಿ ಜೋಪಾನ ಮಾಡಿಟ್ಟಿದ್ದಾನೆ. ನಾನು ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿಯವನು. ನನಗೆ ಸ್ಪೈಡರ್‌ಮ್ಯಾನ್ ಸಿಕ್ಕಿದ್ದು ಭಾನುವಾರದ ಮಧ್ಯಾಹ್ನ, ದೊಡ್ಡಪ್ಪನ ಮನೆಯ ಟಿ.ವಿಯಲ್ಲಿ, ಅದೂ ಹಿಂದಿಯಲ್ಲಿ. ಅರ್ಧ ಮಾತು ಅರ್ಥವಾಗುತ್ತಿರಲಿಲ್ಲ. ನಡುವೆ ಕರೆಂಟು ಹೋದರೆ ಉಳಿದ ಕಥೆಯನ್ನು ನಾವು ಮಕ್ಕಳೇ ಸೇರಿ ಕಟ್ಟಿಕೊಳ್ಳುತ್ತಿದ್ದೆವು. ಕಾಮಿಕ್ಸ್ ಎಲ್ಲಿಂದ ಬರಬೇಕು? ನಮ್ಮೂರಿಗೆ ದಿನಪತ್ರಿಕೆ ಬರುವುದೇ ಹತ್ತೂವರೆಯ ಬಸ್ಸಿಗೆ.

ಕಳೆದ ವರ್ಷ ನಮ್ಮಿಬ್ಬರ ನಡುವೆ ದೊಡ್ಡ ಜಗಳವಾಯಿತು. ಕಾರಣ, 2002ರಲ್ಲಿ ಬಂದ ಸ್ಯಾಮ್ ರೈಮಿ ನಿರ್ದೇಶನದ ‘ಸ್ಪೈಡರ್‌ಮ್ಯಾನ್’. ಅದರಲ್ಲಿ ಪೀಟರ್ ಪಾರ್ಕರ್‌ನ ಮಣಿಕಟ್ಟಿನಿಂದಲೇ ಬಲೆ ಚಿಮ್ಮುತ್ತದೆ. ಕಾಮಿಕ್ಸ್‌ನಲ್ಲಿ ಹಾಗಿಲ್ಲ. ಅಲ್ಲಿ ಬಲೆ ಎಸೆಯುವ ಯಂತ್ರವನ್ನು ಆ ಹುಡುಗನೇ ತಯಾರಿಸಿಕೊಳ್ಳುತ್ತಾನೆ. ‘ಮೂಲವನ್ನೇ ಹಾಳು ಮಾಡಿದರು’ ಅಂದ ಇವನು. ‘ನನಗೇನೋ ಅದೇ ಇಷ್ಟ’ ಅಂದೆ ನಾನು. ಮಾತಿಗೆ ಮಾತು ಬೆಳೆದು ಆ ಪ್ರಶ್ನೆ ಬಂತು. ನಾನು ಬಾಯಿ ಮುಚ್ಚಿದೆ. ನಾಲ್ಕು ದಿನ ಮಾತು ಬಿಟ್ಟಿದ್ದೆವು. ರೂಮಿಗೆ ಇದ್ದದ್ದು ಒಂದೇ ಬಕೆಟ್ಟಾದ್ದರಿಂದ ಐದನೇ ದಿನ ಮಾತಾಡಲೇಬೇಕಾಯಿತು.

ಈಗ ಯೋಚಿಸಿದರೆ ಅವನ ವಾದದಲ್ಲಿ ಹುರುಳಿತ್ತು. ಯಂತ್ರ ಮಾಡಿಕೊಳ್ಳುವ ಪೀಟರ್ ಬಡವನಾದರೂ ಬುದ್ಧಿವಂತ. ಬಲೆಯ ದ್ರಾವಣ ಬೇಡದ ಹೊತ್ತಿನಲ್ಲಿ ಮುಗಿದುಹೋಗುತ್ತದೆ, ಮತ್ತೆ ತಯಾರಿಸಲು ಕೈಯಲ್ಲಿ ಕಾಸಿರುವುದಿಲ್ಲ. ಆ ಪಾತ್ರದ ಜೀವವೇ ಅಲ್ಲಿದೆ. ನನ್ನ ಮಾತಿನಲ್ಲೂ ಹುರುಳಿರಲಿಲ್ಲ ಅನ್ನುವಂತಿಲ್ಲ. ಹದಿಹರೆಯದಲ್ಲಿ ಮೈ ನಮ್ಮನ್ನು ಕೇಳದೆಯೇ ಬದಲಾಗುತ್ತದೆ. ಕೈಯಿಂದ ಏನೋ ಚಿಮ್ಮಿ, ಗಾಬರಿಯಾಗಿ, ಯಾರಿಗೂ ಹೇಳಲಾಗದೆ ಒದ್ದಾಡುವ ಹುಡುಗನಲ್ಲಿ ಎಂಟನೇ ಕ್ಲಾಸಿನ ನಾನು ನನ್ನನ್ನೇ ಕಂಡಿದ್ದೆ. 2004ರ ಎರಡನೇ ಭಾಗದಲ್ಲಿ ಅವನ ಮನಸ್ಸು ಕುಸಿದಾಗ ಬಲೆಯೂ ಬರುವುದು ನಿಲ್ಲುತ್ತದೆ. ಯಂತ್ರವಾಗಿದ್ದರೆ ಆ ದೃಶ್ಯ ಹಾಗೆ ಬರುತ್ತಿರಲಿಲ್ಲ.

ಎರಡೂ ವಾದಗಳು ಆ ರಾತ್ರಿ ಎದುರುಬದುರಾಗಬೇಕಿತ್ತು. ಆಗಲಿಲ್ಲ. ನೀನು ಓದಿದವನೋ ಓದದವನೋ ಎಂಬ ಜಾತಿ ವಿಚಾರಣೆಯಲ್ಲೇ ಎಲ್ಲ ಮುಗಿದುಹೋಯಿತು.

ಮಾತು ಬಿಟ್ಟಿದ್ದ ಆ ನಾಲ್ಕು ದಿನ ನಾನು ಸುಮ್ಮನೆ ಕೂರಲಿಲ್ಲ. ಸೋತವನ ಹಟ ಗೊತ್ತಲ್ಲ! ಈ ‘ಮೂಲ’ ಎಂಬುದು ಎಷ್ಟು ಗಟ್ಟಿ ಎಂದು ಕೆದಕುತ್ತ ಹೋದೆ. 1938ರಲ್ಲಿ ಮೊದಲು ಕಾಣಿಸಿಕೊಂಡ ಸೂಪರ್‌ಮ್ಯಾನ್‌ಗೆ ಹಾರಲು ಬರುತ್ತಿರಲಿಲ್ಲ, ಬರೀ ನೆಗೆಯುತ್ತಿದ್ದ. 1941ರಲ್ಲಿ ಅವನ ಕಾರ್ಟೂನ್ ಸಿನಿಮಾಗಳು ಬಂದಾಗ, ಕಪ್ಪೆಯಂತೆ ಕುಪ್ಪಳಿಸುವುದು ಪರದೆಯ ಮೇಲೆ ಚೆನ್ನಾಗಿ ಕಾಣದೆ ಅವನನ್ನು ಹಾರಿಸಿದರು. ಅವನ ಶಕ್ತಿಯನ್ನೆಲ್ಲ ಹೀರುವ ಕ್ರಿಪ್ಟೊನೈಟ್ ಎಂಬ ಹಸಿರು ಕಲ್ಲು ಬಂದದ್ದು ಕಾಮಿಕ್ಸ್‌ನಿಂದಲ್ಲ, 1943ರ ರೇಡಿಯೊ ನಾಟಕದಿಂದ. ಪುಸ್ತಕಕ್ಕೆ ಅದು ಸೇರಿದ್ದು ಆರು ವರ್ಷದ ನಂತರ. ಬ್ಯಾಟ್‌ಮ್ಯಾನ್‌ನ ಮನೆಯಾಳು ಆಲ್‌ಫ್ರೆಡ್ ಮೊದಲು ದಪ್ಪಗಿದ್ದ. 1943ರ ಸಿನಿಮಾ ಧಾರಾವಾಹಿಯಲ್ಲಿ ತೆಳ್ಳಗಿನ ನಟ ಆ ಪಾತ್ರ ಮಾಡಿದ್ದೇ ತಡ, ಕಾಮಿಕ್ಸ್‌ನ ಆಲ್‌ಫ್ರೆಡ್ ಕೂಡ ಮೈ ಇಳಿಸಿಕೊಂಡ. ನನ್ನ ರೂಮ್‌ಮೇಟ್ ಗೋಡೆಗೆ ಅಂಟಿಸಿಕೊಂಡಿರುವ ಹಾರ್ಲಿ ಕ್ವಿನ್ ಹುಟ್ಟಿದ್ದು 1992ರ ಟಿ.ವಿ ಕಾರ್ಟೂನಿನಲ್ಲಿ.

ಇನ್ನು ನಮ್ಮ ಜಗಳದ ಮೂಲವಾದ ಬಲೆ? ಆ ಸಿನಿಮಾ ಬಂದ ಎರಡೇ ವರ್ಷಕ್ಕೆ ಕಾಮಿಕ್ಸ್‌ನ ಪೀಟರ್‌ಗೂ ಸ್ವಲ್ಪ ಕಾಲ ಮೈಯಿಂದಲೇ ಬಲೆ ಬರತೊಡಗಿತ್ತು. ಇದನ್ನು ಓದಿದಾಗ ನನಗಾದ ಸಂತೋಷವನ್ನು ಬರೆಯಲಾರೆ. ಮಲಗಿದ್ದವನನ್ನು ಎಬ್ಬಿಸಿ ಹೇಳೋಣ ಅಂದುಕೊಂಡೆ, ಆದರೆ ಮಾತು ಬಿಟ್ಟಿದ್ದೆನಲ್ಲ.

ಹಾಗಂತ ಕಾಮಿಕ್ಸ್ ಓದಿದವರ ಸಿಟ್ಟೆಲ್ಲ ಸುಳ್ಳು ಅನ್ನಲಾರೆ. 2009ರ ‘ಎಕ್ಸ್‌-ಮೆನ್ ಆರಿಜಿನ್ಸ್: ವೋಲ್ವರಿನ್’ ಸಿನಿಮಾದಲ್ಲಿ ಡೆಡ್‌ಪೂಲ್ ಎಂಬ ಪಾತ್ರದ ಬಾಯಿಯನ್ನೇ ಹೊಲಿದುಬಿಟ್ಟರು. ಮಾತೇ ಬಂಡವಾಳವಾದ, ಒಂದು ಕ್ಷಣ ಬಾಯಿ ಮುಚ್ಚದ ಪಾತ್ರ ಅದು! ಅಭಿಮಾನಿಗಳು ಕೆಂಡವಾದರು. ಅವರು ಹೇಳಿದ್ದು ಸರಿಯಾಗಿತ್ತು. ಮುಂದೆ 2014ರಲ್ಲಿ, ಮಾತಾಡುವ ಡೆಡ್‌ಪೂಲ್‌ನ ಒಂದು ಪರೀಕ್ಷಾ ತುಣುಕು ಸೋರಿಕೆಯಾಗಿ ಜನ ಮುಗಿಬಿದ್ದು ನೋಡಿದ ಮೇಲೆ, 2016ರಲ್ಲಿ ಅದೇ ನಟನ ಪೂರ್ಣ ಸಿನಿಮಾ ಬಂತು. ಆದರೆ ಇದೇ ಜನ 1980ರ ದಶಕದ ಕೊನೆಯಲ್ಲಿ, ಹಾಸ್ಯನಟ ಮೈಕೆಲ್ ಕೀಟನ್ ಬ್ಯಾಟ್‌ಮ್ಯಾನ್ ಆಗುತ್ತಾನೆಂದು ತಿಳಿದು ಸಾವಿರಾರು ಪ್ರತಿಭಟನಾ ಪತ್ರ ಬರೆದಿದ್ದರು. ಹೀತ್ ಲೆಡ್ಜರ್ ಜೋಕರ್ ಎಂದಾಗಲೂ ಮೂಗು ಮುರಿದಿದ್ದರು. ಅದೇ ಪಾತ್ರಕ್ಕೆ ಲೆಡ್ಜರ್‌ಗೆ 2009ರಲ್ಲಿ ಆಸ್ಕರ್ ಬಂತು, ತೆಗೆದುಕೊಳ್ಳಲು ಅವನೇ ಬದುಕಿರಲಿಲ್ಲ.

ಹಾಗಾದರೆ ಸಿನಿಮಾವನ್ನು ಅಳೆಯುವುದು ಹೇಗೆ? ನನಗೆ ಉತ್ತರ ಹೊಳೆದದ್ದು ಎರಡು ಸಿನಿಮಾಗಳನ್ನು ಒಂದೇ ವಾರದಲ್ಲಿ ನೋಡಿದಾಗ. ‘ವಾಚ್‌ಮೆನ್’ ಅಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರ ಬಿಡಿಸಿದ ಪ್ರಸಿದ್ಧ ಕಾಮಿಕ್ಸ್. 2009ರ ಸಿನಿಮಾದಲ್ಲಿ ಜ್ಯಾಕ್ ಸ್ನೈಡರ್ ಹಲವು ಚೌಕಟ್ಟುಗಳನ್ನು ಪುಸ್ತಕದಿಂದ ಅಚ್ಚು ತೆಗೆದ ಹಾಗೆ ತಂದಿದ್ದಾರೆ. ರೂಮ್‌ಮೇಟ್ ಪುಸ್ತಕ ತೆರೆದು ಒಂದೊಂದೇ ತೋರಿಸಿದ. (ಹೌದು, ಅಷ್ಟೊತ್ತಿಗೆ ರಾಜಿಯಾಗಿತ್ತು. ಪ್ಲಾಸ್ಟಿಕ್ ಕವರ್ ತೆಗೆಯಲು ಮಾತ್ರ ನನಗೆ ಬಿಡಲಿಲ್ಲ.) ಆದರೆ ಪುಸ್ತಕ ಹೇಳುವುದೇನು? ಮುಖವಾಡ ತೊಟ್ಟು ನ್ಯಾಯ ಕೊಡಲು ಹೊರಟವರು ಒಳಗೆ ಮುರಿದವರು, ಕೆಲವರು ಅಪಾಯಕಾರಿಗಳೂ ಹೌದು ಎಂದು. ಸಿನಿಮಾದಲ್ಲಿ ಅವರೇ ನಿಧಾನಗತಿಯಲ್ಲಿ ಮೂಳೆ ಮುರಿಯುವಾಗ ನಮಗೆ ಸೀಟಿ ಹೊಡೆಯುವಂತಾಗುತ್ತದೆ. ಗೆರೆ ಅದೇ, ಅರ್ಥ ತಿರುಗಿಹೋಗಿದೆ. ಮೂರ್ ಆ ಸಿನಿಮಾದಲ್ಲಿ ತಮ್ಮ ಹೆಸರೇ ಬೇಡವೆಂದರು.

ಅದರ ಹಿಂದಿನ ವರ್ಷ ಬಂದ ‘ದಿ ಡಾರ್ಕ್ ನೈಟ್’ ಯಾವ ಒಂದು ಕಾಮಿಕ್ಸ್‌ನ ನಕಲೂ ಅಲ್ಲ. ಅದರ ಜೋಕರ್ ತನ್ನ ಬಾಯಿಯ ಗಾಯಕ್ಕೆ ಒಮ್ಮೆ ಒಂದು ಕಥೆ ಹೇಳುತ್ತಾನೆ, ಇನ್ನೊಮ್ಮೆ ಬೇರೆಯೇ ಕಥೆ. ಯಾವುದು ನಿಜ ಎಂದು ನಮಗೆ ತಿಳಿಯುವುದೇ ಇಲ್ಲ. ಆ ಪಾತ್ರದ ಬಗ್ಗೆ ಕಾಮಿಕ್ಸ್ ಓದಿ ತಿಳಿಯಬೇಕಾದ್ದೂ ಅಷ್ಟೇ ಅಂತೆ: ಅವನಿಗೊಂದು ನಂಬಬಹುದಾದ ಪೂರ್ವಕಥೆ ಇಲ್ಲ. ನನ್ನ ಮಟ್ಟಿಗೆ ಮೂಲಕ್ಕೆ ಹತ್ತಿರವಿರುವುದು ಈ ಸಿನಿಮಾ. ರೂಮ್‌ಮೇಟ್ ಇದನ್ನು ಇನ್ನೂ ಒಪ್ಪಿಲ್ಲ.

ಮೂಲದ ಮಾತು ಬಂದಾಗ ಅಭಿಮಾನಿಗಳು ಹೇಳದೇ ಬಿಡುವ ಒಂದು ಸಂಗತಿ ನನ್ನನ್ನು ಬಹಳ ಕಾಡಿತು. ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಅವನ ಹಕ್ಕನ್ನು 1938ರಲ್ಲಿ ಮಾರಿದ್ದು 130 ಡಾಲರ್‌ಗೆ. ಆ ಮೊದಲ ಸಂಚಿಕೆಯ ಒಂದೇ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರ್‌ಗೆ ಹರಾಜಾಗಿದೆ. ಸೂಪರ್‌ಮ್ಯಾನ್‌ನ ದೊಡ್ಡ ಸಿನಿಮಾ ತಯಾರಾಗುತ್ತಿದೆಯೆಂದು ಕೇಳಿ ಸೀಗಲ್ ಪತ್ರಿಕೆಗಳ ಮುಂದೆ ಗೋಳು ಹೇಳಿಕೊಂಡ ಮೇಲೆ, 1975ರ ಕೊನೆಗೆ ಇಬ್ಬರಿಗೂ ವರ್ಷಕ್ಕೆ 20 ಸಾವಿರ ಡಾಲರ್ ಕೊಡಲು, ಹೆಸರು ಹಾಕಲು ಒಪ್ಪಂದವಾಯಿತು. ಬ್ಯಾಟ್‌ಮ್ಯಾನ್‌ನ ಕಥೆ ಇನ್ನೂ ಕೆಟ್ಟದ್ದು. ಅವನ ಬಾವಲಿ ರೆಕ್ಕೆಯಂಥ ಮೇಲುಹೊದಿಕೆ, ಬೂದು ಬಣ್ಣದ ಉಡುಪು, ಗೋಥಮ್ ಎಂಬ ಊರಿನ ಹೆಸರು, ಎಲ್ಲದರ ಹಿಂದೆ ಬಿಲ್ ಫಿಂಗರ್ ಎಂಬ ಬರಹಗಾರನಿದ್ದ. ಆದರೆ ದಶಕಗಳ ಕಾಲ ಸೃಷ್ಟಿಕರ್ತನೆಂದು ಮುದ್ರಣವಾಗಿದ್ದು ಬಾಬ್ ಕೇನ್ ಹೆಸರೊಂದೇ. ಫಿಂಗರ್ 1974ರಲ್ಲಿ ತೀರಿಕೊಂಡ. ಅವನ ಹೆಸರೂ ಸೇರಬೇಕೆಂದು ತೀರ್ಮಾನವಾದದ್ದು 2015ರಲ್ಲಿ. ಅದು ದೊಡ್ಡ ಪರದೆಗೆ ಬಂದದ್ದು 2016ರ ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ನಲ್ಲಿ. ಆ ಸಿನಿಮಾ ನೋಡಿ ‘ಬ್ಯಾಟ್‌ಮ್ಯಾನ್ ಕೊಲ್ಲುವುದಿಲ್ಲ, ಮೂಲಕ್ಕೆ ಅಪಚಾರ’ ಎಂದು ಎಷ್ಟು ಜನ ಕೂಗಾಡಿದರು! ಮೂಲಪುರುಷನ ಹೆಸರು ಹಾಗೆ ದೊಡ್ಡ ಪರದೆಯ ಮೇಲೆ ಬಂದಾಗ ಅವರಲ್ಲಿ ಎಷ್ಟು ಜನ ಗಮನಿಸಿದ್ದಾರೋ. ನನ್ನ ರೂಮ್‌ಮೇಟ್‌ಗೆ ಫಿಂಗರ್ ಗೊತ್ತಿದ್ದ ಅನ್ನುವುದನ್ನು ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ.

ನಮ್ಮಿಬ್ಬರನ್ನೂ ಒಂದೇ ಕಡೆ ಕೂರಿಸಿದ್ದು 2023ರ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’. ನಾನದನ್ನು ಪಿಯುಸಿ ರಜೆಯಲ್ಲಿ ಕನ್ನಡದಲ್ಲೇ ನೋಡಿದ್ದೆ. ನಾಲ್ಕು ವರ್ಷ ಮೊದಲು ‘ಅವೆಂಜರ್ಸ್: ಎಂಡ್‌ಗೇಮ್’ ಭಾರತಕ್ಕೆ ಇಂಗ್ಲಿಷ್ ಜೊತೆಗೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂದಿತ್ತು, ಕನ್ನಡದಲ್ಲಿ ಇರಲಿಲ್ಲ. ಸ್ಪೈಡರ್‌ವರ್ಸ್ ಬಂದದ್ದು ಹತ್ತು ಭಾಷೆಗಳಲ್ಲಿ, ಅದರಲ್ಲಿ ನಮ್ಮದೂ ಒಂದು. ಜೊತೆಗೆ ಬಂದಿದ್ದ ಏಳು ವರ್ಷದ ತಮ್ಮ, ‘ಅಣ್ಣ, ಇವ್ನು ನಮ್ ಭಾಷೆ ಮಾತಾಡ್ತ’ ಎಂದು ಕುರ್ಚಿಯ ಮೇಲೆ ಎದ್ದು ನಿಂತಿದ್ದ. ಡಬ್ಬಿಂಗ್ ಬೇಕೋ ಬೇಡವೋ ಎಂಬ ಹಳೆಯ ಜಗಳಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ಒಂದಂತೂ ನಿಜ. ದೊಡ್ಡಪ್ಪನ ಮನೆಯಲ್ಲಿ ನಾನು ಊಹಿಸಿಕೊಳ್ಳಬೇಕಾಗಿದ್ದ ಮಾತನ್ನು ಅವನು ನೇರವಾಗಿ ಕೇಳಿಸಿಕೊಂಡ.

ಆ ಸಿನಿಮಾದ ಕಥೆಯೇ ನಮ್ಮ ಜಗಳ! ಬೇರೆ ಬೇರೆ ಲೋಕಗಳಲ್ಲಿ ಬೇರೆ ಬೇರೆ ಸ್ಪೈಡರ್‌ಮ್ಯಾನ್‌ಗಳಿದ್ದಾರೆ. ಪ್ರತಿಯೊಬ್ಬನ ಬಾಳಿನಲ್ಲೂ ಕೆಲವು ಘಟನೆಗಳು ನಡೆಯಲೇಬೇಕು ಎನ್ನುತ್ತಾನೆ ಅವರ ಮುಖಂಡ ಮಿಗೆಲ್. ಹತ್ತಿರದ ಒಬ್ಬ ಪೊಲೀಸ್ ಕ್ಯಾಪ್ಟನ್ ಸಾಯಬೇಕು. 1970ರ ಕಾಮಿಕ್ಸ್‌ನಲ್ಲಿ ಕ್ಯಾಪ್ಟನ್ ಸ್ಟೇಸಿ ಸತ್ತಿದ್ದಾನಲ್ಲ, ಹಾಗೆಯೇ. ಇಲ್ಲವಾದರೆ ಲೋಕವೇ ಕುಸಿಯುತ್ತದಂತೆ. ಆದರೆ ಮೈಲ್ಸ್ ಎಂಬ ಹುಡುಗನ ಅಪ್ಪನೇ ಕ್ಯಾಪ್ಟನ್ ಆಗಲಿದ್ದಾನೆ. ಅಪ್ಪನನ್ನು ಬಿಟ್ಟುಕೊಡಲು ಅವನು ಒಪ್ಪುವುದಿಲ್ಲ, ಎಲ್ಲರೂ ಅವನ ಬೆನ್ನು ಹತ್ತುತ್ತಾರೆ. ‘ಮೂಲದಲ್ಲಿ ಹೀಗೇ ಇದೆ’ ಅನ್ನುವವನೂ ‘ನನ್ನ ಕಥೆ ನನಗಿರಲಿ’ ಅನ್ನುವವನೂ ಎದುರಾಬದುರಾ. ಮಿಗೆಲ್ ಬರೀ ಕೇಡಿಗನಲ್ಲ, ಅವನೂ ಕಳೆದುಕೊಂಡು ನೊಂದವನು. ಹಾಸ್ಟೆಲ್‌ನಲ್ಲಿ ಮತ್ತೊಮ್ಮೆ ನೋಡುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು.

ನಮ್ಮ ಕಡೆ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ನನ್ನ ಸೋದರಮಾವ ಮಳೆಗಾಲದಲ್ಲಿ ಅರ್ಥ ಹೇಳಲು ಹೋಗುತ್ತಾನೆ. ವಾಲಿವಧೆಯಲ್ಲಿ ವಾಲಿ ಸಾಯುತ್ತಾನೆಂದು ಕೂತವರಿಗೆಲ್ಲ ಗೊತ್ತು. ಆದರೂ ನಡುರಾತ್ರಿಯವರೆಗೆ ಕೂರುವುದು, ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಎಂದು ವಾಲಿ ಇವತ್ತು ಹೇಗೆ ಕೇಳುತ್ತಾನೆ, ರಾಮ ಏನು ಹೇಳುತ್ತಾನೆ ಎಂದು. ಎದುರಾಳಿಯ ವಾದ ದುರ್ಬಲವಾದರೆ ಆ ರಾತ್ರಿಯೇ ಸಪ್ಪೆ ಎನ್ನುತ್ತಾನೆ ಮಾವ. ಈ ವರ್ಷ ವಾಲಿ ಹೇಳಿದವನು ಬರುವ ವರ್ಷ ರಾಮನೂ ಆಗಬಹುದು. ಜಗುಲಿಯಲ್ಲಿ ಕೂತು ತಪ್ಪು ಹುಡುಕುವ ಅಜ್ಜಂದಿರಲ್ಲಿ ಎಷ್ಟೋ ಜನ ವಾಲ್ಮೀಕಿ ರಾಮಾಯಣವನ್ನು ತೆರೆದು ನೋಡಿದವರಲ್ಲ. ‘ಮೂಲ ಓದಿದ್ದೀಯಾ’ ಎಂದು ಅವರ ಬಾಯಿ ಮುಚ್ಚಿಸಿದ್ದನ್ನು ನಾನಂತೂ ಕಂಡಿಲ್ಲ.

ಇದನ್ನು ರೂಮ್‌ಮೇಟ್‌ಗೆ ಹೇಳಿದೆ. ‘ಹಂಗಾದ್ರೆ ಮುಂದಿನ ಸಲ ನೀನು ನನ್ನ ಕಡೆ ವಾದ ಮಾಡು, ನಾನು ನಿನ್ನ ಕಡೆ’ ಅಂದ. 2025ರ ‘ಸೂಪರ್‌ಮ್ಯಾನ್’ ಬಂದಾಗ ಹಾಗೇ ಮಾಡಿದೆವು. ಆ ಕೆಂಪು ಚಡ್ಡಿ ಮತ್ತೆ ಬೇಕಿತ್ತೇ ಎಂಬುದು ವಿಷಯ. ಚಡ್ಡಿ ಮೂಲದಲ್ಲಿದೆ, ಇರಲೇಬೇಕು ಎಂದು ನಾನು. ಸಿನಿಮಾಕ್ಕೆ ಅದರ ಹಂಗೇಕೆ ಎಂದು ಅವನು. ಅಕ್ಕಪಕ್ಕದ ರೂಮಿನವರೆಲ್ಲ ಬಂದು ಕೂತರು. ರಾತ್ರಿ ಒಂದೂವರೆಗೆ, ಯಾದಗಿರಿ ಕಡೆಯ ಜೂನಿಯರ್ ಒಬ್ಬ ಬಾಗಿಲ ಹತ್ತಿರದಿಂದ ಕೇಳಿದ: ‘ಅಣ್ಣಾ, ನಾ ಲಾಕ್‌ಡೌನ್‌ದಾಗ ಟಿ.ವಿಯೊಳಗ ಶಕ್ತಿಮಾನ್ ಒಂದ ನೋಡೀನಿ. ಅವಂಗೂ ಸೂಪರ್‌ಮ್ಯಾನ್‌ಗೂ ಜಗಳ ಹತ್ತಿದ್ರ ಯಾರ್ ಗೆಲ್ತಾರ?’

ಎಲ್ಲರೂ ನಕ್ಕರು. ರೂಮ್‌ಮೇಟ್ ನಗಲಿಲ್ಲ. ‘ಒಳಗ್ ಬಾ, ಕೂತ್ಕೊ’ ಅಂದವನೇ ಗಂಭೀರವಾಗಿ ಕೇಳಿದ: ‘ಮೊದ್ಲು ಶಕ್ತಿಮಾನ್‌ಗೆ ಏನೇನು ಶಕ್ತಿ ಇದೆ ಹೇಳು.’