ಮನೆಯ ಆರೋಗ್ಯ: ಗರ್ಭಿಣಿಗೆ ಹೇಳಿದ್ದನ್ನು ಮನೆಯವರೂ ಕೇಳಲಿ



ರಾಯದುರ್ಗ, ಮಡಕಶಿರಾ ಕಡೆಯ ನಮ್ಮ ಮನೆಗಳಿಗೆ ಬಳ್ಳಾರಿ, ಚಳ್ಳಕೆರೆ, ಶಿರಾ ಕಡೆಯಿಂದ ಸೊಸೆಯಂದಿರು ಬರುವುದುಂಟು. ಅವರ ಮಾತು, ಓದು ಎಲ್ಲ ಕನ್ನಡದಲ್ಲಿ. ಆದರೆ ಆಸ್ಪತ್ರೆಯಲ್ಲಿ ಕೊಡುವ ತಾಯಿ-ಮಗುವಿನ ಕಾರ್ಡು ಸಾಮಾನ್ಯವಾಗಿ ತೆಲುಗಿನಲ್ಲಿರುತ್ತದೆ. ನರ್ಸಮ್ಮ ಹೇಳಿದ್ದಕ್ಕೆಲ್ಲ ಹುಡುಗಿ ತಲೆಯಾಡಿಸಿ ಬಂದರೆ, ಅರ್ಧ ಮಾತು ಆಸ್ಪತ್ರೆಯಲ್ಲೇ ಉಳಿಯುತ್ತದೆ.

ಕಬ್ಬಿಣದ ಮಾತ್ರೆಯ ವಿಷಯವನ್ನೇ ನೋಡಿ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು. ಹೊಟ್ಟೆ ತೊಳಸುವವರಿಗೆ "ರಾತ್ರಿ ಊಟವಾದ ಮೇಲೆ ನುಂಗಿ" ಎನ್ನುವುದು ರೂಢಿ. ಚೌವಿಹಾರ ಪಾಲಿಸುವ ಮನೆಯಲ್ಲಿ ಸೂರ್ಯಾಸ್ತದ ನಂತರ ನೀರೂ ಇಲ್ಲ. ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ, ರಕ್ತಹೀನತೆ ಬೆಳೆಯುತ್ತದೆ, ಹೆರಿಗೆಯಲ್ಲಿ ರಕ್ತ ಹೋದರೆ ತಾಯಿಯ ಪ್ರಾಣಕ್ಕೇ ಸಂಚಕಾರ. ನಮ್ಮ ನಿಯಮವನ್ನು ಮೊದಲೇ ತಿಳಿಸಿದರೆ ಮಧ್ಯಾಹ್ನದ ಊಟದ ನಂತರ ನುಂಗಲು ಹೇಳುತ್ತಾರೆ. ಜೊತೆಗೆ ನಿಂಬೆಹಣ್ಣಿನ ಪಾನಕ ಒಳ್ಳೆಯದು. ಕಾಫಿ, ಚಹಾ ಆಗ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನು ಎರಡು ಗಂಟೆ ಬಿಟ್ಟು ಊಟದೊಂದಿಗೆ ತೆಗೆದುಕೊಳ್ಳಬೇಕು. ಮಲ ಕಪ್ಪಾದರೆ ಹೆದರಬೇಕಿಲ್ಲ.

ಆಹಾರದ ಮಾತೂ ಹಾಗೆಯೇ. ಗಡ್ಡೆಗೆಣಸು ತಿನ್ನದಿದ್ದರೆ ಕೊರತೆಯೇನಿಲ್ಲ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರು ಬೇಳೆ, ಕಡಲೆ, ಎಳ್ಳು, ರಾಗಿ ಹೆಚ್ಚಿಸಲಿ. ನಮ್ಮ ಸೀಮೆಯ ಶೇಂಗಾ ಇದ್ದೇ ಇದೆ. ಬಿ-12 ಜೀವಸತ್ವ ನಮಗೆ ಸಿಗುವುದು ಹಾಲು, ಮೊಸರಿನಿಂದ; ಅದು ಸಾಲದಿದ್ದರೆ ವೈದ್ಯರು ಪರೀಕ್ಷೆ ಮಾಡಿಸಿ ಔಷಧಿ ಕೊಡುತ್ತಾರೆ. ಪರ್ಯುಷಣದ ಉಪವಾಸವಿರಲಿ, ಏಕಾಶನವಿರಲಿ, ವೈದ್ಯರನ್ನು ಕೇಳದೆ ಗರ್ಭಿಣಿ ಸಂಕಲ್ಪ ಮಾಡಬಾರದು. ಹಿರಿಯರು ತಾವಾಗಿಯೇ "ಈ ವರ್ಷ ಬೇಡಮ್ಮ" ಎಂದರೆ ಆಕೆಗೆ ಸಂಕೋಚವಿರುವುದಿಲ್ಲ.

2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ತಿಂಗಳು ಮೇಲ್ಪಟ್ಟ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತಿದೆ. ಖಾಸಗಿ ವೈದ್ಯರಲ್ಲಿಗೆ ಹೋಗುವವರಿಗೂ ಅಲ್ಲಿನ ಸಲಹೆ ಉಪಯುಕ್ತ. ಅಂದು ಅತ್ತೆಯವರು ಜೊತೆಗೆ ಹೋಗಲಿ, ಏಕೆಂದರೆ ಅಡುಗೆಮನೆ ಅವರದು. ಗಂಡನೂ ಒಂದು ಗಂಟೆ ಅಂಗಡಿಯ ಗಲ್ಲಾ ಬಿಟ್ಟು ಹೋಗಲಿ. ತೆಲುಗು ಓದಬಲ್ಲವರು ಕಾರ್ಡಿನಲ್ಲಿರುವುದನ್ನು ಕನ್ನಡದಲ್ಲಿ ಒಂದು ಚೀಟಿಗೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಲಿ.

ಚೊಚ್ಚಲ ಹೆರಿಗೆಗೆ ಹುಡುಗಿ ಗಡಿ ದಾಟಿ ತವರಿಗೆ ಹೋಗುವಾಗ ಕಾರ್ಡು, ರಕ್ತಪರೀಕ್ಷೆ, ಸ್ಕ್ಯಾನಿಂಗ್ ವರದಿ ಎಲ್ಲವನ್ನೂ ಕಳಿಸಿಕೊಡಿ. ರಕ್ತಸ್ರಾವ, ಕಣ್ಣು ಮಂಜಾಗುವಂಥ ತಲೆನೋವು, ಮುಖ-ಕೈ ಬಾವು, ಮಗುವಿನ ಚಲನೆ ಕಡಿಮೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನ್ ಮಾಡಿ. ಈ ಸಂಖ್ಯೆ ಗಡಿಯ ಎರಡೂ ಕಡೆ ಒಂದೇ.

ಅಂಗಡಿಯ ಲೆಕ್ಕವನ್ನು ದಿನವೂ ನೋಡುವ ನಾವು, ಒಂಬತ್ತು ತಿಂಗಳು ಈ ಚೀಟಿಯನ್ನೂ ದಿನಕ್ಕೊಮ್ಮೆ ನೋಡೋಣ.