ಗೂಗಲ್ ನೋಂದಣಿ ಇಲ್ಲದ ಆ್ಯಪ್‌ಗೆ ಫೋನಿನಲ್ಲಿ ಜಾಗ ಬೇಡವೆ?

ಆಂಡ್ರಾಯ್ಡ್ ಫೋನಿಗೆ ಪ್ಲೇ ಸ್ಟೋರ್‌ನ ಹೊರಗಿನಿಂದಲೂ ಆ್ಯಪ್ ಹಾಕಿಕೊಳ್ಳಬಹುದು. ಎಪಿಕೆ ಫೈಲ್ ಇಳಿಸಿಕೊಂಡು, ಒಂದೆರಡು ಎಚ್ಚರಿಕೆ ದಾಟಿದರೆ ಸಾಕು. 2025ರ ಆಗಸ್ಟ್‌ನಲ್ಲಿ ಗೂಗಲ್ ಇದಕ್ಕೊಂದು ಷರತ್ತು ಪ್ರಕಟಿಸಿತು: ಆ್ಯಪ್ ಎಲ್ಲಿಂದಲೇ ಬರಲಿ, ತಯಾರಿಸಿದವರು ತಮ್ಮ ಗುರುತನ್ನು ಗೂಗಲ್‌ನಲ್ಲಿ ನೋಂದಾಯಿಸಿರಬೇಕು. ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಿಗೆ 2026ರ ಸೆಪ್ಟೆಂಬರ್, ಉಳಿದ ದೇಶಗಳಿಗೆ 2027ರಿಂದ ಎಂಬುದು ಆಗ ಘೋಷಿಸಿದ ಗಡುವು.

ಪರ

ಮುಂಬಯಿಯ ಭಾಂಡುಪ್‌ನಂಥ ಉಪನಗರದಲ್ಲಿ ತರಕಾರಿ ಗಾಡಿಯಿಂದ ಹಿಡಿದು ಕರಾವಳಿ ಕನ್ನಡಿಗರ ಹೋಟೆಲಿನ ಗಲ್ಲಾದವರೆಗೆ ಯುಪಿಐ ವ್ಯಾಪಿಸಿದೆ. ಫೋನ್ ಕೈತಪ್ಪಿದರೆ ಖಾತೆಯೂ ಕೈತಪ್ಪಿದಂತೆ. ಆರ್‌ಟಿಒ ಚಲನ್ ಅಥವಾ ಮದುವೆಯ ಕರೆಯೋಲೆ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಎಪಿಕೆ ಬರುತ್ತದೆ. ತೆರೆದರೆ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟ ಮೇಲೆ ಬ್ಯಾಂಕಿನ ಒಟಿಪಿ ಕಳ್ಳನಿಗೂ ತಲುಪುತ್ತದೆ. ಪ್ಲೇ ಸ್ಟೋರ್‌ಗಿಂತ ಇಂಥ ಹೊರಗಿನ ಮೂಲಗಳಲ್ಲಿ ಕುತಂತ್ರಾಂಶ 50 ಪಟ್ಟು ಹೆಚ್ಚೆಂದು ಗೂಗಲ್ ಹೇಳುತ್ತದೆ. ಇಂದು ತಡೆದ ಆ್ಯಪ್ ನಾಳೆ ಹೊಸ ಹೆಸರಿನಲ್ಲಿ ಬರುವುದು ನೋಂದಣಿಯಿಂದ ಕಷ್ಟವಾಗುತ್ತದೆ. ಈ ವಾದವನ್ನು ತಳ್ಳಿಹಾಕಲಾಗದು.

ವಿರೋಧ

ಬ್ಯಾಂಕ್ ಖಾತೆಗೆ ಕೆವೈಸಿ ಕಡ್ಡಾಯ. ಆದರೂ ವಂಚಕರಿಗೆ ಬಾಡಿಗೆ ಖಾತೆಗಳು ಸಿಗುತ್ತಲೇ ಇವೆ. ಬಾಡಿಗೆ ಡೆವಲಪರ್ ಗುರುತೂ ಸಿಗದಿರಲು ಕಾರಣವಿಲ್ಲ. ಪೆಟ್ಟು ಬೀಳುವುದು ಎಫ್-ಡ್ರಾಯ್ಡ್‌ನಂಥ ಆ್ಯಪ್ ಭಂಡಾರಗಳಿಗೆ. 2010ರಿಂದ ಸ್ವಯಂಸೇವಕರು ನಡೆಸುತ್ತಿರುವ ಈ ಭಂಡಾರ ಮುಕ್ತ ತಂತ್ರಾಂಶಗಳನ್ನು ಮೂಲ ಕೋಡ್‌ನಿಂದಲೇ ಕಟ್ಟಿ, ಹೆಚ್ಚಿನವಕ್ಕೆ ತನ್ನದೇ ಡಿಜಿಟಲ್ ಸಹಿ ಹಾಕುತ್ತದೆ. ಬೇರೆಯವರು ಬರೆದ ಆ್ಯಪ್‌ಗಳನ್ನು ತನ್ನ ಹೆಸರಿಗೆ ನೋಂದಾಯಿಸಿಕೊಳ್ಳಲು ಅದು ಒಪ್ಪುವುದಿಲ್ಲ. ಆ್ಯಪ್ ಬರೆದವರನ್ನು ನೋಂದಾಯಿಸಿಕೊಳ್ಳಿ ಎಂದು ಬಲವಂತಪಡಿಸಲೂ ಆಗದು.

ಬಾಗಿಲು ಕಾಯುವವರು ಒಬ್ಬರೇ ಆದರೆ ಏನಾಗುತ್ತದೆಂದು ಮುಂಬಯಿ ಕಂಡಿದೆ. ಶುಲ್ಕದ ಜಗಳದಲ್ಲಿ 2024ರ ಮಾರ್ಚ್ 1ರಂದು ಗೂಗಲ್ ಇಲ್ಲಿನ ಶಾದಿ ಡಾಟ್ ಕಾಮ್ ಸೇರಿದಂತೆ ಹಲವು ಭಾರತೀಯ ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ತೆಗೆಯಿತು. ಸರ್ಕಾರ ಮಧ್ಯೆ ಬಂದ ಮೇಲೆ ಅವು ಮರಳಿದವು. ಕಾನೂನಿನ ಆಸರೆಯೂ ತೆಳು. ಹೊರಗಿನ ಆ್ಯಪ್ ಹಂಚಿಕೆಗೆ ಗೂಗಲ್ ಅಡ್ಡಿ ಮಾಡಬಾರದೆಂದು ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಆದೇಶಿಸಿ, 1,337.76 ಕೋಟಿ ರೂಪಾಯಿ ದಂಡ ವಿಧಿಸಿತ್ತು. 2023ರ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು, ಆದರೆ ಆ ನಿರ್ದೇಶನವನ್ನು ರದ್ದುಮಾಡಿತು. ಬಳಕೆದಾರನಿಗೆ ಬೇಕಿದ್ದದ್ದು ಆ ನಿರ್ದೇಶನವೇ.

ವಿರೋಧ ಜೋರಾದ ಬಳಿಕ, ಅಪಾಯ ಅರಿತು ಮುಂದುವರಿಯುವ ಅನುಭವಿಗಳಿಗೆ ಪ್ರತ್ಯೇಕ ದಾರಿ ಇಡುವುದಾಗಿ ಗೂಗಲ್ 2025ರ ನವೆಂಬರ್‌ನಲ್ಲಿ ಹೇಳಿತು. ದಾರಿ ತೆರೆದರೂ ಕೀಲಿ ಅದರ ಬಳಿಯೇ ಇರುತ್ತದೆ.

ಬದಲಿ ಫೋನ್

ಬದಲಿ ಹುಡುಕುವ ಯತ್ನ ಭಾಂಡುಪ್‌ನ ನೆರೆಯಲ್ಲೂ ನಡೆದಿದೆ. ಪವಾಯಿಯ ಐಐಟಿಯಲ್ಲಿ ಓದಿದವರು ಕಟ್ಟಿದ ಇಂಡಸ್ ಓಎಸ್ 2015ರಿಂದ ಮೈಕ್ರೋಮ್ಯಾಕ್ಸ್ ಫೋನ್‌ಗಳಲ್ಲಿ ಭಾರತೀಯ ಭಾಷೆಗಳೊಂದಿಗೆ ಬಂತು. ಈಗ ಉಳಿದಿರುವುದು ಫೋನ್‌ಪೇ ಒಡೆತನದ ಆ್ಯಪ್ ಅಂಗಡಿಯಾಗಿ. ಆಂಡ್ರಾಯ್ಡ್ ಆಧರಿಸಿದ ಬದಲಿ ವ್ಯವಸ್ಥೆಗಳಾದ ಲಿನೇಜ್ ಓಎಸ್, ಗ್ರಾಫೀನ್ ಓಎಸ್‌ಗಳಿಗೆ ಹೊಸ ನಿಯಮ ತಾಗದು. ಅದು ಗೂಗಲ್ ಪ್ರಮಾಣೀಕರಿಸಿದ ಫೋನ್‌ಗಳಿಗಷ್ಟೇ. ತೊಡಕಿರುವುದು ಬ್ಯಾಂಕ್ ಆ್ಯಪ್‌ಗಳಲ್ಲಿ. ಹಲವು ಆ್ಯಪ್‌ಗಳು ಗೂಗಲ್‌ನ ಪ್ಲೇ ಇಂಟೆಗ್ರಿಟಿ ತಪಾಸಣೆ ದಾಟದ ಫೋನಿನಲ್ಲಿ ತೆರೆಯುವುದಿಲ್ಲ. ಇದಕ್ಕೆ ತಾಂತ್ರಿಕ ಪರಿಹಾರ ಇದೆ: ಆಂಡ್ರಾಯ್ಡ್‌ನಲ್ಲೇ ಇರುವ ಹಾರ್ಡ್‌ವೇರ್ ದೃಢೀಕರಣದ ಮೂಲಕ ಬ್ಯಾಂಕುಗಳು ಗ್ರಾಫೀನ್‌ನಂಥ ವ್ಯವಸ್ಥೆಯ ಸಾಚಾತನವನ್ನು ನೇರವಾಗಿ ಪರೀಕ್ಷಿಸಬಹುದು. ಅದನ್ನು ಒಪ್ಪಿಕೊಳ್ಳುವಂತೆ ಬ್ಯಾಂಕುಗಳಿಗೆ ಹೇಳುವ ಅಧಿಕಾರ ರಿಸರ್ವ್ ಬ್ಯಾಂಕಿನಂಥ ನಿಯಂತ್ರಕರದು.